ಗ್ರಾಜುಯೇಷನ್ ರೇಟ್: ನಾನು ಮೊದಲು ನೋಡುವುದು ಛೇದವನ್ನು

ಅಮೆರಿಕದ ಒಂದು ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಅಂಕಿಅಂಶ ನೋಡಿಕೊಳ್ಳುವುದು ನನ್ನ ಕೆಲಸ. ಹೈಸ್ಕೂಲ್ ಗ್ರಾಜುಯೇಷನ್ ರೇಟ್, ಅಂದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗಿನ ಓದು ಮುಗಿಸಿದವರ ಶೇಕಡಾ, ಹೊರಬೀಳುವ ವಾರ ಬಿಡುವಿಲ್ಲದಷ್ಟು ಫೋನು. ಎಲ್ಲರದೂ ಒಂದೇ ಪ್ರಶ್ನೆ: ಹೋದ ವರ್ಷಕ್ಕಿಂತ ಇಳಿದಿದೆಯಲ್ಲ, ಏನಾಯಿತು? ಹೊಸದರಲ್ಲಿ ನಾನು ಪಾಸಾದವರ ಪಟ್ಟಿ ಹರಡಿಕೊಂಡು ಕೂರುತ್ತಿದ್ದೆ. ಈಗ ಭಿನ್ನರಾಶಿಯ ಕೆಳಗಿನ ಸಂಖ್ಯೆಯನ್ನು, ಅಂದರೆ ಛೇದವನ್ನು ಮೊದಲು ನೋಡುತ್ತೇನೆ.

ಹಿಂದೆ ಒಂದೊಂದು ರಾಜ್ಯದ್ದು ಒಂದೊಂದು ಲೆಕ್ಕ. 2008ರ ಫೆಡರಲ್ ನಿಯಮ ಅದಕ್ಕೊಂದು ಸೂತ್ರ ಕೊಟ್ಟಿತು. 2010-11ರಿಂದ ಬಹುತೇಕ ರಾಜ್ಯಗಳು ಅದರಂತೆ ವರದಿ ಕೊಡತೊಡಗಿದವು. ಒಂಬತ್ತನೇ ತರಗತಿಗೆ ಮೊದಲ ಸಲ ಕಾಲಿಟ್ಟವರೆಲ್ಲ ಒಂದು ಕೋಹಾರ್ಟ್. ನಡುವೆ ಬಂದವರನ್ನು ಕೂಡಿಸು, ಬೇರೆ ಶಾಲೆಗೆ ಹೋದವರನ್ನು, ದೇಶ ಬಿಟ್ಟವರನ್ನು, ತೀರಿಕೊಂಡವರನ್ನು ಕಳೆ. ಉಳಿದವರಲ್ಲಿ ನಾಲ್ಕು ವರ್ಷದೊಳಗೆ ರೆಗ್ಯುಲರ್ ಡಿಪ್ಲೊಮಾ, ಅಂದರೆ ಹೈಸ್ಕೂಲ್ ಮುಗಿಸಿದ ಪೂರ್ಣ ಪ್ರಮಾಣಪತ್ರ ಪಡೆದವರು ಎಷ್ಟು? ಅದರ ಬದಲು ಜಿಇಡಿ ಎಂಬ ಹೈಸ್ಕೂಲ್ ಸಮಾನತೆಯ ಪರೀಕ್ಷೆ ಬರೆದವರು ಪಾಸಾದವರ ಲೆಕ್ಕಕ್ಕಿಲ್ಲ. ಒಂಬತ್ತರಲ್ಲೇ ಫೇಲಾಗಿ ಕುಳಿತ ಹುಡುಗನೂ ಹಳೆಯ ಕೋಹಾರ್ಟ್‌ನಲ್ಲೇ ಇರುತ್ತಾನೆ.

ಕಷ್ಟವಿರುವುದು ಆ 'ಕಳೆ'ಯಲ್ಲಿ. ನೂರು ಮಕ್ಕಳು ಸೇರಿದರು, ಹತ್ತು ಜನ ಬಂದರು, ಹದಿನೈದು ಜನ ಹೋದರು ಎನ್ನಿ. ಛೇದ 95. ಪಾಸಾದವರು 76. ರೇಟ್ 80%. ಆದರೆ ಹೋದವರಲ್ಲಿ ಹತ್ತು ಜನರಿಗಷ್ಟೇ ದಾಖಲೆ ಇದೆ ಎಂದರೆ ಛೇದ 100, ರೇಟ್ 76%. ಒಂದು ಮಗುವೂ ಹೆಚ್ಚಾಗಿ ಫೇಲಾಗಿಲ್ಲ, ನಾಲ್ಕು ಪಾಯಿಂಟ್ ಹೋಯಿತು.

ಹಾಗಾಗಿ ಚಳಿಗಾಲದಲ್ಲಿ ನನ್ನ ಕೆಲಸ ಫೈಲ್ ಹುಡುಕುವುದು. 'ಬೇರೆ ರಾಜ್ಯಕ್ಕೆ ಹೋದರಂತೆ' ಎಂದು ಯಾರೋ ಪೆನ್ಸಿಲ್‌ನಲ್ಲಿ ಗೀಚಿರುತ್ತಾರೆ. ಅಂತೆಕಂತೆ ಇಲ್ಲಿ ನಡೆಯುವುದಿಲ್ಲ. ಹೊಸ ಶಾಲೆ ಟ್ರಾನ್ಸ್‌ಕ್ರಿಪ್ಟ್ (ಅಂಕಗಳ ದಾಖಲೆ) ಕೇಳಿದ ಪತ್ರವೋ, ಅಲ್ಲಿ ಸೇರಿದ್ದಕ್ಕೆ ಲಿಖಿತ ಪುರಾವೆಯೋ ಬೇಕು. ದೇಶವನ್ನೇ ಬಿಟ್ಟಿದ್ದರೆ ಸ್ವಲ್ಪ ಸಲೀಸು: ತಂದೆತಾಯಿಯೊಡನೆ ಮಾತಾಡಿದ್ದನ್ನು ಶಾಲೆಯವರು ಬರೆದಿಟ್ಟರೂ ಆಗುತ್ತದೆ. ಒಂದು ಶಾಲೆಯ ರೇಟ್ ದಿಢೀರನೆ ಏರಿದರೆ ಮೇಷ್ಟ್ರುಗಳನ್ನು ಹೊಗಳುವ ಮುನ್ನ ನಾನು ಕೇಳುವುದು, ಈ ವರ್ಷ ಎಷ್ಟು ಜನರನ್ನು ಕಳೆದಿರಿ ಎಂದು. ಫೈಲ್ ಶಿಸ್ತಾಗಿ ಇಟ್ಟಿದ್ದಕ್ಕೂ ರೇಟ್ ಏರುತ್ತದೆ, ಬೇಡದ ಮಕ್ಕಳನ್ನು 'ವರ್ಗಾವಣೆ' ಎಂದು ಬರೆದುಬಿಟ್ಟರೂ ಏರುತ್ತದೆ.

ನಾನೂ ಒಮ್ಮೆ ಚೆನ್ನಾಗಿ ಎಡವಿದ್ದೇನೆ. ಡಿಸ್ಟ್ರಿಕ್ಟ್ ರೇಟ್ ಬೇಕೆಂದಾಗ ಶಾಲೆಗಳ ಶೇಕಡಾಗಳನ್ನು ಕೂಡಿಸಿ ಸರಾಸರಿ ತೆಗೆದುಬಿಟ್ಟೆ. 400 ಮಕ್ಕಳ ಶಾಲೆ 90%, ಮಾಮೂಲಿ ಶಾಲೆಗೆ ಹೊಂದಿಕೊಳ್ಳದವರಿಗಾಗಿ ಇರುವ 40 ಮಕ್ಕಳ ಆಲ್ಟರ್ನೇಟಿವ್ ಶಾಲೆ 30% ಇದ್ದರೆ ಸರಾಸರಿ 60. ನಿಜವಾದ ಉತ್ತರ 440ಕ್ಕೆ 372, ಅಂದರೆ ಸುಮಾರು 84.5%. ಸಾಲದ್ದಕ್ಕೆ, ಸಾರ್ವಜನಿಕ ಫೈಲಿನಲ್ಲಿ ಸಣ್ಣ ಗುಂಪುಗಳ ಅಂಕಿಯನ್ನು ಗೋಪ್ಯತೆಗಾಗಿ ಮರೆಮಾಡಿ 'ಜಿಇ95' (95 ಅಥವಾ ಅದಕ್ಕಿಂತ ಹೆಚ್ಚು), 'ಪಿಎಸ್' (ಗೋಪ್ಯತೆಗಾಗಿ ಅಡಗಿಸಿದ್ದು) ಎಂದು ಬರೆದಿರುತ್ತಾರೆ. ಎಕ್ಸೆಲ್ ಅವನ್ನು ಅಕ್ಷರವೆಂದುಕೊಂಡು ತುಟಿ ಪಿಟಕ್ಕೆನ್ನದೆ ಸರಾಸರಿಯಿಂದ ಹೊರಗಿಟ್ಟಿತ್ತು. ಮೀಟಿಂಗ್‌ನಲ್ಲಿ ಪ್ರಿನ್ಸಿಪಾಲರೊಬ್ಬರು ಕನ್ನಡಕ ತೆಗೆದು ಪರದೆಯನ್ನೇ ನೋಡುತ್ತಾ, "ಇದರಲ್ಲಿ ನಮ್ಮ ಶಾಲೆಯೇ ಇಲ್ಲವಲ್ಲ" ಎಂದಾಗಲೇ ನನಗೆ ಗೊತ್ತಾಗಿದ್ದು.

80% ಪಾಸು ಎಂದರೆ 20% ಡ್ರಾಪ್‌ಔಟ್ ಎಂದು ಪತ್ರಿಕೆಯವರು ಬರೆಯುತ್ತಾರೆ. ತಪ್ಪು. ಆ ಇಪ್ಪತ್ತರಲ್ಲಿ ಇನ್ನೂ ಓದುತ್ತಿರುವವರು, ಜಿಇಡಿ ಮುಗಿಸಿದವರು, ಬರೀ ಹಾಜರಾತಿ ಸರ್ಟಿಫಿಕೇಟ್ ಪಡೆದವರೂ ಇದ್ದಾರೆ. ಇಡೀ ದೇಶದ ರೇಟ್ 2010-11ರಲ್ಲಿ 79%, 2018-19ರಲ್ಲಿ 86%. ಆದರೆ 2019ರಲ್ಲಿ 16ರಿಂದ 24ರ ವಯಸ್ಸಿನವರ ಡ್ರಾಪ್‌ಔಟ್ ರೇಟ್ ಸುಮಾರು 5% ಮಾತ್ರ. ಎಣಿಸುವ ಜನರೇ ಬೇರೆ, ಪ್ರಶ್ನೆಯೇ ಬೇರೆ. 2020ರ ಅಂಕಿಯನ್ನಂತೂ ಹಿಂದಿನದರ ಪಕ್ಕ ಇಡಲು ನಾನು ಒಪ್ಪುವುದಿಲ್ಲ. ಆ ವರ್ಷ ಎಷ್ಟೋ ರಾಜ್ಯಗಳು ಪರೀಕ್ಷೆಯ ಷರತ್ತನ್ನೇ ಸಡಿಲಿಸಿದ್ದವು.

ಅದೇ ಕೋಹಾರ್ಟ್‌ಗೆ ಇನ್ನೊಂದು ವರ್ಷ ಕೊಟ್ಟು ಎಣಿಸುವ ಐದು ವರ್ಷದ ರೇಟ್ ಅನ್ನೂ ಜೊತೆಗೇ ತೆಗೆದಿಡುತ್ತೇನೆ. ಇಂಗ್ಲಿಷ್ ಕಲಿಯುತ್ತಲೇ ಓದುವ ಮಕ್ಕಳು ಹೆಚ್ಚಿರುವ ಶಾಲೆಗಳಲ್ಲಿ ಎರಡರ ನಡುವೆ ಎದ್ದು ಕಾಣುವ ಅಂತರವಿರುತ್ತದೆ. ಹದಿನಾರಕ್ಕೆ ಈ ದೇಶಕ್ಕೆ ಬಂದ ಹುಡುಗನೊಬ್ಬ ಹಗಲು ಓದಿ, ರಾತ್ರಿ ದುಡಿದು, ಜೊತೆಯವರು ಮುಗಿಸಿದ ಮುಂದಿನ ಜನವರಿಯಲ್ಲಿ ಡಿಪ್ಲೊಮಾ ಪಡೆದ. ಅವನ ಸಾಲು ನನ್ನ ಎರಡೂ ಫೈಲಿನಲ್ಲಿದೆ. ಒಂದರಲ್ಲಿ ಸೊನ್ನೆ, ಇನ್ನೊಂದರಲ್ಲಿ ಒಂದು.