ಬೋಟ್ ಎಂಜಿನ್ ಎಳೆಯದಿದ್ದರೆ ಮೊದಲು ಹೊಗೆ ನೋಡಿ

ಡೀಸೆಲ್ ಎಂಜಿನ್ ಸೋತಿದೆ ಎಂದ ಕೂಡಲೇ ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಬಿಚ್ಚಲು ಹೊರಡುವವರೇ ಹೆಚ್ಚು. ಅದು ಕೊನೆಯ ಕೆಲಸ. ಮೊದಲು ಎಂಜಿನ್ ನಿಲ್ಲಿಸಿ, ಒಬ್ಬರು ಥ್ರಾಟಲ್ ಪೂರ್ತಿ ತಳ್ಳಲಿ, ಇನ್ನೊಬ್ಬರು ಇಂಧನ ಪಂಪ್‌ನ ಲಿವರ್ ಕೊನೆಯ ಮಿತಿಯ ಸ್ಟಾಪ್ ಸ್ಕ್ರೂಗೆ ತಾಗುತ್ತದೆಯೇ ನೋಡಲಿ. ತಾಗದಿದ್ದರೆ ದೋಷ ಕೇಬಲ್‌ನದು.

ತಾಗಿದರೆ, ಎಂಜಿನ್ ಬಿಸಿಯಾದ ಮೇಲೆ ಆಳ ನೀರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಕೆಲವು ನಿಮಿಷ ಓಡಿಸಿ. ಕೈಪಿಡಿ ಹೇಳುವ ಗರಿಷ್ಠ ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಬರುತ್ತಿದೆಯೇ? ಹೊಗೆ ಯಾವ ಬಣ್ಣ? ನ್ಯೂಟ್ರಲ್‌ನಲ್ಲಿ ಚೆನ್ನಾಗಿ ಏರಿತೆಂದು ಇಂಧನದ ಮೇಲಿನ ಅನುಮಾನ ಬಿಡಬೇಡಿ. ಭಾರವಿಲ್ಲದಾಗ ಬೇಕಾಗುವ ಡೀಸೆಲ್ ತೀರಾ ಕಡಿಮೆ.

ಹೊಗೆಯೇ ಇಲ್ಲದೆ ಆರ್‌ಪಿಎಂ ಕುಸಿದರೆ ಇಂಧನ ಸಾಲುತ್ತಿಲ್ಲ ಎಂದರ್ಥ. ಟ್ಯಾಂಕ್ ಮುಚ್ಚಳ ತೆರೆದಾಗ ಗಾಳಿ ಸುಯ್ಯೆಂದು ಒಳಗೆ ನುಗ್ಗಿ ಎಂಜಿನ್ ಚೇತರಿಸಿಕೊಂಡರೆ ಟ್ಯಾಂಕ್‌ಗೆ ಗಾಳಿ ಬಿಡುವ ವೆಂಟ್ ಕಟ್ಟಿದೆ. ಮೊದಲ ಫಿಲ್ಟರ್‌ನ ನಂತರ ಹೀರುವಿಕೆ ಎಷ್ಟಿದೆ ಎಂದು ತೋರಿಸುವ ವ್ಯಾಕ್ಯೂಮ್ ಗೇಜ್ ಕೂರಿಸಿ, ಪೂರ್ತಿ ಲೋಡ್‌ನಲ್ಲೇ ಓದಿ. ಹೊಸ ಫಿಲ್ಟರ್ ಹಾಕಿದರೂ ಮುಳ್ಳು ಏರುತ್ತಿದ್ದರೆ ಟ್ಯಾಂಕ್‌ನೊಳಗಿನ ಹೀರುಕೊಳವೆಯ ಜಾಲರಿಯಲ್ಲಿ ಕೆಸರು ಕೂತಿರಬಹುದು, ಇಲ್ಲವೇ ಹೋಸ್ ಒಳಗೊಳಗೇ ಕುಸಿದಿರಬಹುದು. ಹೀರುವ ಬದಿಯ ಸೋರಿಕೆ ಹೊರಗೆ ತೊಟ್ಟಿಕ್ಕುವುದು ಕಡಿಮೆ, ಒಳಗೆ ಗಾಳಿ ಎಳೆಯುವುದೇ ಹೆಚ್ಚು. ಪಂಪ್‌ಗೆ ಮುಂಚೆ ಪಾರದರ್ಶಕ ಹೋಸ್‌ನ ತುಂಡು ಹಾಕಿದರೆ ಗುಳ್ಳೆ ಕಾಣುತ್ತದೆ. ಅನುಮಾನ ಉಳಿದರೆ 20 ಲೀಟರ್ ಕ್ಯಾನ್‌ನಲ್ಲಿ ಶುದ್ಧ ಡೀಸೆಲ್ ಇಟ್ಟು ಓಡಿಸಿ. ಮಿಕ್ಕ ಡೀಸೆಲ್ ವಾಪಸ್ ತರುವ ರಿಟರ್ನ್ ಪೈಪನ್ನೂ ಅದೇ ಕ್ಯಾನ್‌ಗೆ ಬಿಡಿ, ಇಲ್ಲವಾದರೆ ಕ್ಯಾನ್ ಬೇಗ ಬರಿದಾಗುತ್ತದೆ. ಈಗ ಎಂಜಿನ್ ಎಳೆದರೆ ದೋಷ ಟ್ಯಾಂಕ್ ಕಡೆಯದು.

ಕಪ್ಪು ಹೊಗೆ ಬಂದರೆ ಭಾರ ಹೆಚ್ಚು ಅಥವಾ ಗಾಳಿ ಕಡಿಮೆ. ಪ್ರೊಪೆಲ್ಲರ್‌ಗೆ ಹಗ್ಗ ಸುತ್ತಿದೆಯೇ, ತಳಕ್ಕೆ ಚಿಪ್ಪು ಕಟ್ಟಿದೆಯೇ ನೋಡಿ. ಹೊಸ ಪ್ರೊಪೆಲ್ಲರ್ ಹಾಕಿದ ಮೇಲೆ ತೊಂದರೆ ಶುರುವಾಗಿದ್ದರೆ ಪಿಚ್ (ಒಂದು ಸುತ್ತಿಗೆ ಪ್ರೊಪೆಲ್ಲರ್ ಮುಂದೆ ಸಾಗಬೇಕಾದ ದೂರ) ಅಳೆಯಿರಿ. ಒಂದು ಇಂಚು ಹೆಚ್ಚಾದರೂ ಸಾಮಾನ್ಯವಾಗಿ 150ರಿಂದ 200 ಆರ್‌ಪಿಎಂ ಇಳಿಯುತ್ತದೆ. ಪೂರ್ತಿ ಲೋಡ್‌ನಲ್ಲಿ ಎಂಜಿನ್ ಕೋಣೆಯ ಮುಚ್ಚಳ ತೆರೆದಾಗ ಆರ್‌ಪಿಎಂ ಏರಿದರೆ ಗಾಳಿಕಿಂಡಿ ಚಿಕ್ಕದು. ಏರ್ ಫಿಲ್ಟರ್, ಟರ್ಬೊ ಹೋಸ್‌ನ ಕ್ಲಿಪ್, ಎಣ್ಣೆ ಮೆತ್ತಿದ ಇಂಟರ್‌ಕೂಲರ್ (ಟರ್ಬೊದ ಗಾಳಿ ತಣಿಸುವ ಭಾಗ) ಎಲ್ಲರಿಗೂ ನೆನಪಾಗುತ್ತವೆ; ಮರೆಯುವುದು ಎಕ್ಸಾಸ್ಟ್ ಎಲ್ಬೊ. ಸದಾ ನಿಧಾನವಾಗಿ ಓಡುವ ಎಂಜಿನ್‌ಗಳಲ್ಲಿ, ನೀರು ಹೊಗೆಗೆ ಬೆರೆಯುವ ಆ ಬಾಗಿನಲ್ಲಿ ಮಸಿ, ತುಕ್ಕು ಸೇರಿ ದಾರಿ ಕಿರಿದಾಗುತ್ತದೆ. ಬಿಚ್ಚಿ ಟಾರ್ಚ್ ಹಾಕಿದರೆ ಸಂಗತಿ ತಿಳಿಯುತ್ತದೆ.

ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಡೀಸೆಲ್ ವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ ಇಂಜೆಕ್ಟರ್, ಟೈಮಿಂಗ್ (ಡೀಸೆಲ್ ಚಿಮ್ಮುವ ಗಳಿಗೆ), ಕಂಪ್ರೆಷನ್ (ಸಿಲಿಂಡರ್‌ನಲ್ಲಿ ಗಾಳಿ ಒತ್ತುವ ಬಲ) ಕಡೆ ತಿರುಗಿ. ಹಳೆಯ ಮೆಕ್ಯಾನಿಕಲ್ ಪಂಪ್ ಇದ್ದರೆ, ಐಡಲ್‌ನಲ್ಲಿ ಒಂದೊಂದೇ ಇಂಜೆಕ್ಟರ್ ಪೈಪ್‌ನ ನಟ್ ಅರ್ಧ ಸುತ್ತು ಸಡಿಲಿಸಿ, ಮತ್ತೆ ಬಿಗಿಮಾಡಿ. ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಅಧಿಕ ಒತ್ತಡದ ಪೈಪ್‌ನಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಎಂಜಿನ್‌ನಲ್ಲಿ ಇದನ್ನು ಮಾಡಲೇಬೇಡಿ: ಅಲ್ಲಿನ ಒತ್ತಡ 1000 ಬಾರ್ ದಾಟುತ್ತದೆ, ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ.