ಮಂಜುಗಟ್ಟದ ಫ್ರಿಜ್ಜಿನೊಳಗಿನ ಮಂಜು

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ದಾರಿಯಲ್ಲಿ, ಅಡಿಕೆ ತೋಟದ ನಡುವೆ ಇರುವ ನಮ್ಮ ಮನೆಯಲ್ಲಿ 2021ರ ಮಳೆಗಾಲದ ಆಟಿ ತಿಂಗಳ ಒಂದು ಬೆಳಿಗ್ಗೆ ಫ್ರಿಜ್ಜಿನಲ್ಲಿಟ್ಟ ಹಾಲು ಒಡೆದುಹೋಯಿತು. ಮರುದಿನ ದೋಸೆ ಹಿಟ್ಟು ಪಾತ್ರೆಯಿಂದ ಉಕ್ಕಿ ಕೆಳಗಿನ ತಟ್ಟೆಗೆ ಇಳಿದಿತ್ತು. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ರಾತ್ರಿಯಿಡೀ ಒಳಗಿಟ್ಟು ನೋಡಿದಾಗ, 4 ಡಿಗ್ರಿಯ ಆಸುಪಾಸಿನಲ್ಲಿರಬೇಕಾದ ಕೆಳಗಿನ ಕೋಣೆ 13 ಡಿಗ್ರಿ ತೋರಿಸಿತು. ದುರಸ್ತಿಗೆ ಬಂದವರು ಹಿಂಬದಿಯನ್ನು ಮುಟ್ಟಿ ನೋಡಿ, ಕಂಪ್ರೆಸರ್ ಬಿಸಿಯಾಗಿದೆ, ಅದರ ಶಕ್ತಿ ಕುಂದಿದೆ, ಬದಲಾಯಿಸಬೇಕು ಎಂದರು. ಅವರು ಹೇಳಿದ ಮೊತ್ತ ಹೊಸ ಫ್ರಿಜ್ಜಿನ ಅರ್ಧ ಬೆಲೆಯಷ್ಟಿತ್ತು. ಆದರೆ ಮೇಲಿನ ಫ್ರೀಜರಿನಲ್ಲಿ ಮಂಜುಗಡ್ಡೆ ಕಲ್ಲಿನಂತೆ ಗಟ್ಟಿಯಾಗಿಯೇ ಇತ್ತು. ಕಂಪ್ರೆಸರ್ ಸೋತಿದ್ದರೆ ಅದೂ ಮೆತ್ತಗಾಗಬೇಕಿತ್ತಲ್ಲ ಎಂಬ ಸಂದೇಹದಿಂದ, ಎರಡು ದಿನ ಯೋಚಿಸಿ ಹೇಳುತ್ತೇನೆ ಎಂದು ಅವರನ್ನು ಕಳುಹಿಸಿಕೊಟ್ಟೆ.

ನಾನು ಈ ಕಸುಬನ್ನು ಕಲಿತವನಲ್ಲ. ತೋಟದ ಪಂಪುಗಳ ಜತೆ ಹೆಣಗಿ ಬಂದ ಅನುಭವ, ಒಂದು ಮಲ್ಟಿಮೀಟರ್, ಮತ್ತು ನಮ್ಮ ಹಳೆಯ ಫ್ರಿಜ್ಜು ಕಲಿಸಿದ ಪಾಠ, ಇಷ್ಟೇ ನನ್ನ ಬಂಡವಾಳ. 1994ರಲ್ಲಿ ಕೊಂಡ ಆ ಒಂಟಿ ಬಾಗಿಲಿನ ಫ್ರಿಜ್ಜು ತನ್ನ ಕಾಯಿಲೆಯನ್ನು ಎಂದೂ ಮುಚ್ಚಿಟ್ಟದ್ದಿಲ್ಲ. ಮಂಜು ಕಟ್ಟಿದರೆ ಕಣ್ಣಿಗೇ ಕಾಣುತ್ತಿತ್ತು. ಅಮ್ಮ ಶನಿವಾರ ರಾತ್ರಿ ಗುಂಡಿ ಒತ್ತಿ ಕರಗಲು ಬಿಟ್ಟು ಬೆಳಿಗ್ಗೆ ನೀರು ಚೆಲ್ಲುತ್ತಿದ್ದರು. ಕಂಪ್ರೆಸರ್ ಹೊರಡಲಾರದೆ ಟಕ್ಕೆಂದು ನಿಂತುಬಿಟ್ಟರೆ ಅದನ್ನು ಹೊರಡಿಸುವ ರಿಲೇಯನ್ನು ಕಳಚಿ ಕಿವಿಯ ಬಳಿ ಅಲ್ಲಾಡಿಸುತ್ತಿದ್ದೆ. ಒಳಗೆ ಚೂರುಗಳ ಸದ್ದು ಕೇಳಿದರೆ ಅದರ ಬಿಲ್ಲೆ ಒಡೆದಿದೆ ಎಂದೇ ಅರ್ಥ. ಅದು ಕೊನೆಗೆ ಹಾಳಾದದ್ದೂ ತನ್ನ ತಪ್ಪಿನಿಂದಲ್ಲ. ಅವಸರದಲ್ಲಿದ್ದ ನೆಂಟರೊಬ್ಬರು ಮಂಜನ್ನು ಪೀಶಕತ್ತಿಯಿಂದ ಕೆರೆದರು, ತೆಳುವಾದ ಅಲ್ಯೂಮಿನಿಯಂ ತಗಡು ತೂತಾಯಿತು, ಬುಸ್ಸೆಂದು ಗ್ಯಾಸು ಹೋಯಿತು. ಓಝೋನ್ ಪದರದ ರಕ್ಷಣೆಗಾಗಿ ಆದ 1987ರ ಮಾಂಟ್ರಿಯಲ್ ಒಪ್ಪಂದದ ದೆಸೆಯಿಂದ ಆ ಆರ್-12 ಗ್ಯಾಸು ಅಷ್ಟರಲ್ಲಿ ಮಾರುಕಟ್ಟೆಯಿಂದ ಮಾಯವಾಗಿತ್ತು.

2016ರಲ್ಲಿ ಬಂದ ಎರಡು ಬಾಗಿಲಿನ ಫ್ರಿಜ್ಜಿನಲ್ಲಿ ಮಂಜು ಕಟ್ಟುವುದಿಲ್ಲ ಎಂದು ಅಂಗಡಿಯವರು ಹೇಳಿದ್ದರು. ವಾಸ್ತವದಲ್ಲಿ ಅಲ್ಲಿಯೂ ಮಂಜು ಕಟ್ಟುತ್ತದೆ, ನಮಗೆ ಕಾಣದ ಜಾಗದಲ್ಲಿ ಕಟ್ಟುತ್ತದೆ, ಅಷ್ಟೆ. ಫ್ರೀಜರಿನ ಹಿಂಬದಿಯ ಪ್ಲಾಸ್ಟಿಕ್ ಹಲಗೆಯ ಮರೆಯಲ್ಲಿ ತಂಪಿನ ಸುರುಳಿ ಇರುತ್ತದೆ. ಒಂದು ಪುಟ್ಟ ಫ್ಯಾನು ಆ ಸುರುಳಿಯ ಮೂಲಕ ಗಾಳಿಯನ್ನು ಎಳೆದು ಸ್ವಲ್ಪವನ್ನು ಫ್ರೀಜರಿಗೆ, ಉಳಿದದ್ದನ್ನು ಒಂದು ಕೊಳವೆಯ ಮೂಲಕ ಕೆಳಗಿನ ಕೋಣೆಗೆ ಕಳುಹಿಸುತ್ತದೆ. ಸುರುಳಿಯ ಮೇಲೆ ಕೂತ ಮಂಜನ್ನು ಕೆಲವು ಗಂಟೆಗಳಿಗೊಮ್ಮೆ ಒಂದು ಹೀಟರ್ ಕರಗಿಸುತ್ತದೆ, ನೀರು ಸಣ್ಣ ತೂತಿನಿಂದ ಇಳಿದು ಹಿಂಬದಿಯ ತಟ್ಟೆಯಲ್ಲಿ ಆರಿಹೋಗುತ್ತದೆ. ಹೀಟರ್ ಕೆಲಸ ಮಾಡದಿದ್ದರೆ ಮಂಜು ಬೆಳೆದು ಬೆಳೆದು ಗಾಳಿಯ ದಾರಿಯನ್ನೇ ಮುಚ್ಚಿಬಿಡುತ್ತದೆ, ಆಗ ಮೇಲೆ ಚಳಿ, ಕೆಳಗೆ ಸೆಕೆ.

ಪ್ಲಗ್ಗನ್ನು ಕಿತ್ತು, ಆ ಹಲಗೆಯ ಸ್ಕ್ರೂಗಳನ್ನು ಬಿಚ್ಚಿ ನೋಡಿದಾಗ ನನ್ನ ಎಣಿಕೆ ಸರಿಯಾಗಿತ್ತು: ಸುರುಳಿ ಎಲ್ಲಿದೆ ಎಂದೇ ತಿಳಿಯದಷ್ಟು ಬಿಳಿಯ ಗೋಡೆ. ಈ ಫ್ರಿಜ್ಜಿನಲ್ಲಿರುವುದು ಆರ್-600ಎ, ಅಂದರೆ ಐಸೊಬ್ಯುಟೇನ್, ಬೆಂಕಿ ಹತ್ತುವ ಗ್ಯಾಸು. ಆದ್ದರಿಂದ ಕತ್ತಿಯನ್ನಾಗಲಿ, ಬಿಸಿಗಾಳಿಯ ಯಂತ್ರವನ್ನಾಗಲಿ ಹತ್ತಿರಕ್ಕೆ ತರದೆ, ದೂರದಲ್ಲಿ ಟೇಬಲ್ ಫ್ಯಾನ್ ಇಟ್ಟು, ಕೆಳಗೆ ಹಳೆಯ ಪಂಚೆಗಳನ್ನು ಹಾಸಿ ಒಂದು ರಾತ್ರಿ ಪೂರ್ತಿ ಬಿಟ್ಟೆ. ನೀರಿಳಿಯುವ ತೂತಿನಲ್ಲಿ ಲೋಳೆಯಂಥ ಕೊಳೆ ಸಿಕ್ಕಿಕೊಂಡಿತ್ತು, ಬಿಸಿನೀರು ಹೊಯ್ದು ಅದನ್ನು ಬಿಡಿಸಿದೆ. ಫ್ರಿಜ್ಜು ಹೊಸದರಂತೆ ಓಡಿತು. ಹನ್ನೊಂದನೆಯ ದಿನಕ್ಕೆ ಹಾಲು ಮತ್ತೆ ಒಡೆಯಿತು. ಮನೆಯವರಿಗೆ ಇದು ಸೋಲಿನಂತೆ ಕಂಡರೂ ನನಗೆ ಮಾತ್ರ ಸಮಾಧಾನವಾಯಿತು, ಏಕೆಂದರೆ ಹತ್ತು ದಿನ ಸರಿಯಾಗಿ ತಂಪು ಕೊಟ್ಟ ಕಂಪ್ರೆಸರ್ ಕೆಟ್ಟಿರಲು ಸಾಧ್ಯವಿರಲಿಲ್ಲ.

ಇನ್ನು ಉಳಿದದ್ದು ಹೀಟರಿನ ದಾರಿಯಲ್ಲಿರುವ ಮೂರು ವಸ್ತುಗಳು. ಹೀಟರಿನ ಮೇಲೆ 150 ವಾಟ್ ಎಂದು ಬರೆದಿತ್ತು. ಮನೆಯ ವೋಲ್ಟೇಜಾದ 230ನ್ನು 230ರಿಂದಲೇ ಗುಣಿಸಿ 150ರಿಂದ ಭಾಗಿಸಿದರೆ ಸುಮಾರು 350 ಓಮ್ ಬರಬೇಕು, ನನ್ನ ಮೀಟರಿನಲ್ಲಿ 346 ಬಂತು. ಅದರ ಜತೆಗಿದ್ದ, ಬಿಸಿ ಮಿತಿಮೀರಿದರೆ ಕರೆಂಟು ಕಡಿಯುವ ಉಷ್ಣದ ಫ್ಯೂಸೂ ಸರಿಯಾಗಿತ್ತು. ಮೂರನೆಯದು ಬೈಮೆಟಲ್, ನಾಲ್ಕಾಣೆಯಷ್ಟು ಅಗಲದ ಗುಂಡನೆಯ ತುಣುಕು. ಸುರುಳಿ ತಣ್ಣಗಿರುವಾಗ ಹೀಟರಿಗೆ ಕರೆಂಟು ಬಿಟ್ಟು, ಬೆಚ್ಚಗಾದ ಮೇಲೆ ಕಡಿದುಬಿಡುವುದು ಅದರ ಕೆಲಸ. ಇದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಪರೀಕ್ಷಿಸಿದರೆ ಒಳ್ಳೆಯ ಬೈಮೆಟಲ್ ಕೂಡ ಕೆಟ್ಟದರಂತೆಯೇ ಕಾಣುತ್ತದೆ, ಏಕೆಂದರೆ ಸೆಕೆಯಲ್ಲಿ ಅದು ತೆರೆದೇ, ಅಂದರೆ ಕರೆಂಟನ್ನು ಕಡಿದೇ ಇರುತ್ತದೆ. ಹಾಗಾಗಿ ಹುಡಿ ಮಾಡಿದ ಮಂಜುಗಡ್ಡೆಗೆ ಕಲ್ಲುಪ್ಪು ಬೆರೆಸಿದೆ. ಉಪ್ಪು ಸೇರಿದ ಮಂಜು ಸೊನ್ನೆಗಿಂತ ಎಷ್ಟೋ ಕೆಳಗೆ, ಹದವಾಗಿ ಬೆರೆತರೆ ಮೈನಸ್ 21 ಡಿಗ್ರಿಯವರೆಗೂ ಇಳಿಯುತ್ತದೆ. ಬೈಮೆಟಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರಲ್ಲಿ ಹೂತು ಅರ್ಧ ಗಂಟೆ ಕಾದರೂ ಮೀಟರ್ ಮಿಸುಕಲಿಲ್ಲ. ಮಂಗಳೂರಿನ ಅಂಗಡಿಯಿಂದ, ಮೇಲೆ ಅಚ್ಚಾದ ಸಂಖ್ಯೆಯನ್ನು ತೋರಿಸಿ ಅಂಥದ್ದೇ ಇನ್ನೊಂದನ್ನು 180 ರೂಪಾಯಿಗೆ ತಂದೆ. ಅದು ಅದೇ ಉಪ್ಪುಮಂಜಿನಲ್ಲಿ ಎರಡೇ ನಿಮಿಷಕ್ಕೆ ಕೂಡಿಕೊಂಡಿತು. ಬೈಮೆಟಲ್ಲನ್ನೋ ಫ್ಯೂಸನ್ನೋ ತೆಗೆದುಹಾಕಿ ತಂತಿಗೆ ತಂತಿ ಜೋಡಿಸಿಬಿಡುವ ರೂಢಿ ಕೆಲವರಲ್ಲಿದೆ, ಅದು ಮನೆಗೆ ಬೆಂಕಿಯನ್ನು ಆಹ್ವಾನಿಸುವ ಕೆಲಸ.

ಕಂಪ್ರೆಸರಿಗೆ ಹತ್ತು ವರ್ಷಗಳ ವಾರಂಟಿ ಎಂದು ಫ್ರಿಜ್ಜಿನ ಬಾಗಿಲಿಗೇ ಚೀಟಿ ಅಂಟಿಸಿದ್ದರು, ಆ ಮಾತು ಸುಳ್ಳೂ ಅಲ್ಲ. ನಮ್ಮಲ್ಲಿ ಕೆಟ್ಟದ್ದು ಮಾತ್ರ ಒಂದೇ ವರ್ಷದ ವಾರಂಟಿಯ ತುಣುಕು, ಅದಕ್ಕಾಗಿ ಇಡೀ ಪೆಟ್ಟಿಗೆ ಗುಜರಿಗೆ ಹೋಗುವುದರಲ್ಲಿತ್ತು. ಹಾಗೆಂದು ಹಳೆಯದೇ ಚೆನ್ನಾಗಿತ್ತು ಎನ್ನುವವರ ಸಾಲಿನಲ್ಲಿ ನಾನು ನಿಲ್ಲಲಾರೆ, ಏಕೆಂದರೆ ಹೊಸದರಲ್ಲಿ ಜಾಗವೂ ಹೆಚ್ಚು, ನಮ್ಮ ಕರೆಂಟು ಬಿಲ್ಲೂ ಕಡಿಮೆ.

ಅಂದಿನಿಂದ ನಾನು ಮಾಡುವ ಆರೈಕೆ ಬಹುಮಟ್ಟಿಗೆ ನಮ್ಮ ಹವೆಯನ್ನೂ ಕರೆಂಟನ್ನೂ ನೋಡಿ ಮಾಡುವಂಥದ್ದು. ಮಳೆಗಾಲದಲ್ಲಿ ಬಾಗಿಲು ತೆರೆದಾಗಲೆಲ್ಲ ಒಳನುಗ್ಗುವ ಗಾಳಿಯ ತೇವವೇ ಸುರುಳಿಯ ಮೇಲೆ ಮಂಜಾಗುವುದರಿಂದ, ಬಾಗಿಲಿನ ರಬ್ಬರ್ ಪಟ್ಟಿಯನ್ನು ಜೂನಿನಿಂದ ಸೆಪ್ಟೆಂಬರಿನವರೆಗೆ ಹದಿನೈದು ದಿನಗಳಿಗೊಮ್ಮೆ ಸಾಬೂನು ನೀರಿನಿಂದ ಒರೆಸಿ, ಮಡಿಕೆಗಳಲ್ಲಿ ಕೂತ ಕಪ್ಪು ಬೂಸ್ಟನ್ನು ತೆಗೆಯುತ್ತೇನೆ. ಹತ್ತು ರೂಪಾಯಿಯ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆದಾಗ ತಡೆಯಿಲ್ಲದೆ ಜಾರಿ ಬಂದರೆ ಅಲ್ಲಿ ಪಟ್ಟಿ ಸೋತಿದೆ. ಫೆಬ್ರವರಿಯಿಂದ ಮೇ ತನಕ ಊರಿನ ಎಲ್ಲ ತೋಟಗಳ ಪಂಪುಗಳೂ ಒಟ್ಟಿಗೆ ಓಡುವ ಹೊತ್ತಿನಲ್ಲಿ ನಮ್ಮಲ್ಲಿ ವೋಲ್ಟೇಜು 170ಕ್ಕೆ ಇಳಿಯುವುದುಂಟು. ಆದ್ದರಿಂದ ಕರೆಂಟು ಹೋಗಿ ಬಂದ ಮೇಲೆ ಮೂರು ನಿಮಿಷ ತಡೆದು ಚಾಲೂ ಮಾಡುವ ಸ್ಟೆಬಿಲೈಸರ್ ಹಾಕಿದ್ದೇನೆ. ಕೊಳವೆಗಳೊಳಗಿನ ಒತ್ತಡ ಸಮವಾಗುವ ಮೊದಲೇ ಕಂಪ್ರೆಸರನ್ನು ಎಬ್ಬಿಸಿದರೆ ಅದು ಏಳಲಾರದೆ ಬಿಸಿಯೇರುತ್ತದೆ. ಈ ಮಾದರಿಯ ಬಿಸಿ ಕೊಳವೆಗಳು ಎರಡೂ ಪಕ್ಕದ ತಗಡಿನೊಳಗೇ ಇರುವುದರಿಂದ ಗೋಡೆಯಿಂದ ಒಂದು ಗೇಣು ದೂರ ಸರಿಸಿದೆ. ಅಕ್ಕಿ ಚೀಲವನ್ನು ಅದಕ್ಕೆ ಒರಗಿಸಿಡುವ ಅಭ್ಯಾಸವನ್ನು ತಪ್ಪಿಸಲು ಮಾತ್ರ ವರ್ಷವೇ ಬೇಕಾಯಿತು.

ಹೊಸ ಬೈಮೆಟಲ್ ಇನ್ನೂ ಕೆಲಸ ಮಾಡುತ್ತಿದೆ. ಈ ಸಲ ಕೆಳಗಿನ ಬಾಗಿಲಿನ ಒಂದು ಮೂಲೆಯಲ್ಲಿ ನೋಟು ಜಾರತೊಡಗಿದ್ದು, ಬಿಸಿನೀರಿನ ಬಟ್ಟೆಯಿಂದ ಪಟ್ಟಿಯನ್ನು ಮೆದುಮಾಡಿ, ಎಳೆದು, ಎರಡು ದಿನ ಅಂಟುಪಟ್ಟಿ ಹಚ್ಚಿ ಕೂರಿಸಿ ನೋಡಿದ್ದೇನೆ. ಆ ಅಳತೆಯ ಹೊಸ ಪಟ್ಟಿ ಈಗ ಬರುತ್ತಿಲ್ಲವೆಂದು ಅಂಗಡಿಯವರು ಹೇಳಿದ್ದರಿಂದ, ಕಾಸರಗೋಡಿನಲ್ಲಿ ಅಳತೆಗೆ ಕತ್ತರಿಸಿ ಮೂಲೆಗಳನ್ನು ಬೆಸೆದುಕೊಡುವವರೊಬ್ಬರಿಗೆ ಹಳೆಯದರ ಉದ್ದಗಲ ಬರೆದುಕೊಟ್ಟು ಬಂದಿದ್ದೇನೆ.