ಐಫೋನ್ ಸರಿ, ಸಿಮ್ ಯಾವ ಕಂಪನಿಯದು?

ಹೊಸ ಐಫೋನ್ ಕೊಳ್ಳುವ ಮುಂಚೆ ಬಣ್ಣ ಯಾವುದು, ಸ್ಟೋರೇಜ್ ಎಷ್ಟು, ಪ್ರೊ ಬೇಕಾ ಬೇಡ್ವಾ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ. ಸಿಮ್ ವಿಷಯಕ್ಕೆ ಬಂದರೆ ಎರಡೇ ನಿಮಿಷ. ಗೆಳೆಯರೆಲ್ಲ ಇದನ್ನೇ ಹಾಕಿಕೊಂಡಿದ್ದಾರೆ ಅಂತ ಒಂದು ಕಂಪನಿ, ಇಲ್ಲದಿದ್ದರೆ ಫೋನ್ ಜೊತೆ ಆಫರ್ ಇದೆ ಅಂತ ಇನ್ನೊಂದು.

ನಾನೂ ಹಾಗೇ ಮಾಡಿದವನು. ಆಫರ್ ನೋಡಿ ಎರಡು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದೆ. ಫೋನ್ ಏನೋ ಚೆನ್ನಾಗಿತ್ತು, ಆದರೆ ಮಲಗುವ ಕೋಣೆಗೆ ಕಾಲಿಟ್ಟರೆ ಸಿಗ್ನಲ್ ಮಾಯ. ಎರಡು ವರ್ಷ ಕಿಟಕಿಗೆ ಹಣೆ ಆನಿಸಿಕೊಂಡು ಮಾತಾಡಿದೆ. ನನ್ನ ಮನೆಯ ಗುಟ್ಟೆಲ್ಲ ಪಕ್ಕದ ಮನೆಯವರಿಗೆ ಬಾಯಿಪಾಠ ಆಗಿರಬೇಕು.

ಅವತ್ತಿನಿಂದ ನನ್ನದೊಂದೇ ಮಾತು. ಫೋನ್ ಬೇರೆ ವ್ಯಾಪಾರ, ನೆಟ್‌ವರ್ಕ್ ಬೇರೆ ವ್ಯಾಪಾರ. ನೀವು ದಿನದಲ್ಲಿ ಹೆಚ್ಚು ಹೊತ್ತು ಎಲ್ಲಿ ಕೂತಿರುತ್ತೀರೋ ಅಲ್ಲಿ ಯಾವ ಕಂಪನಿ ಚೆನ್ನಾಗಿ ಸಿಗುತ್ತದೋ ಅದೇ ನಿಮ್ಮ ಕಂಪನಿ. ದೇಶದಲ್ಲೇ ನಂಬರ್ ಒನ್ ಯಾರಾದರೂ ಆಗಿರಲಿ, ನಿಮಗೇನು?

ಐಫೋನ್ ಹುಟ್ಟಿದಾಗ ಈ ತಲೆನೋವೇ ಇರಲಿಲ್ಲ ಅನ್ನಿ. 2007ರಲ್ಲಿ ಅಮೆರಿಕದಲ್ಲಿ ಅದು ಬಂದಿದ್ದು ಎಟಿ ಅಂಡ್ ಟಿ ಅನ್ನುವ ಮೊಬೈಲ್ ಕಂಪನಿ ಜೊತೆ ಮಾತ್ರ. ಬೇರೆ ಕಂಪನಿ ಬೇಕು ಅಂದರೆ ಐಫೋನ್ ಬಿಡಬೇಕಿತ್ತು. 2011ರ ಫೆಬ್ರವರಿಯಲ್ಲಿ ಅಲ್ಲಿನ ಇನ್ನೊಂದು ಕಂಪನಿ ವೆರೈಜನ್‌ಗೂ ಐಫೋನ್ 4 ಬಂತು, ಆಗ ಶುರುವಾಯಿತು ನೋಡಿ ಯಾವುದು ವಾಸಿ ಅನ್ನುವ ವಾದ. ಹೊರಗಿಂದ ನೋಡಿದರೆ ಎರಡೂ ಒಂದೇ ಫೋನ್. ಒಳಗಿನ ನೆಟ್‌ವರ್ಕ್ ತಂತ್ರಜ್ಞಾನ ಬೇರೆ. ಎಟಿ ಅಂಡ್ ಟಿಯದು ಜಿಎಸ್‌ಎಂ, ವೆರೈಜನ್‌ನದು ಸಿಡಿಎಂಎ, ಅದರಲ್ಲಿ ಸಿಮ್ ಹಾಕುವ ಜಾಗವೇ ಇರಲಿಲ್ಲ. ಸಿಡಿಎಂಎ ಫೋನಿನಲ್ಲಿ ಕರೆ ನಡೆಯುತ್ತಿರುವಾಗ ಮೊಬೈಲ್ ಡೇಟಾ ನಿಂತುಹೋಗುತ್ತಿತ್ತು. ಮಾತಾಡುತ್ತಾ ಮ್ಯಾಪ್ ನೋಡುವ ಹಾಗಿರಲಿಲ್ಲ. ಒಂದೇ ಫೋನ್ ಎರಡು ಕಂಪನಿಯಲ್ಲಿ ಎರಡು ಥರ ನಡೆದುಕೊಳ್ಳುತ್ತಿತ್ತು. ಆ ಥರದ ವ್ಯತ್ಯಾಸ ಇವತ್ತೂ ಇದೆ, ಆದರೆ ಕಣ್ಣಿಗೆ ಬೀಳದ ಜಾಗದಲ್ಲಿ ಕೂತಿದೆ.

ಮೊದಲು ಜಾಗ ಬರೆದುಕೊಳ್ಳಿ

ಒಂದು ಚೀಟಿ ತೆಗೆದುಕೊಂಡು ನೀವು ದಿನಾ ಫೋನ್ ಬಳಸುವ ನಾಲ್ಕೈದು ಜಾಗ ಬರೆಯಿರಿ. ಹಾಸಿಗೆ ಪಕ್ಕ, ಅಡುಗೆಮನೆ, ಕೆಲಸದ ಮೇಜು, ಓಡಾಡುವ ದಾರಿ, ವಾರಕ್ಕೊಮ್ಮೆ ಹೋಗುವ ಅಪ್ಪ ಅಮ್ಮನ ಮನೆ. ಬರೀ ಮನೆ ಅಂತ ಬರೆದರೆ ಸಾಲದು, ಯಾವ ಕೋಣೆ ಅಂತ ಬರೆಯಿರಿ. ನನ್ನ ಕಥೆ ಕೇಳಿದ ಮೇಲೂ ಇದನ್ನು ಬಿಡಿಸಿ ಹೇಳಬೇಕಾ?

ಆಮೇಲೆ ಕಂಪನಿಗಳ ಕವರೇಜ್ ಮ್ಯಾಪ್ ನೋಡಿ, ಆದರೆ ಪೂರ್ತಿ ನಂಬಬೇಡಿ. ಆ ಮ್ಯಾಪ್‌ಗಳು ಬಹುಪಾಲು ಲೆಕ್ಕದಿಂದ ಮಾಡಿದ್ದು. ಟವರ್ ಇಲ್ಲಿದೆ, ಎತ್ತರ ಇಷ್ಟು, ಹಾಗಾದರೆ ಸಿಗ್ನಲ್ ಇಲ್ಲಿವರೆಗೆ ಬರಬೇಕು ಅನ್ನುವ ಅಂದಾಜು. ನಿಮ್ಮ ಗೋಡೆ ಎಷ್ಟು ದಪ್ಪ, ಮೇಲೆ ಎಷ್ಟು ಮಹಡಿ ಇದೆ ಅಂತ ಅದಕ್ಕೇನು ಗೊತ್ತು. ಮ್ಯಾಪ್‌ನಲ್ಲಿ ಬಣ್ಣವೇ ಇಲ್ಲದ ಕಂಪನಿಯನ್ನು ಪಟ್ಟಿಯಿಂದ ತೆಗೆದುಹಾಕಿ. ಅದಕ್ಕಿಂತ ಜಾಸ್ತಿ ಕೆಲಸಕ್ಕೆ ಮ್ಯಾಪ್ ಬಳಸಬೇಡಿ.

ಕಡ್ಡಿ ಎಣಿಸಬೇಡಿ

ಈಗ ನಿಜವಾದ ಕೆಲಸ. ಉಳಿದ ಎರಡು ಮೂರು ಕಂಪನಿಗಳನ್ನು ನಿಮ್ಮ ಜಾಗದಲ್ಲೇ, ನಿಮ್ಮ ಫೋನಿನಲ್ಲೇ ಪರೀಕ್ಷೆ ಮಾಡಿ. ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್, ಬಂದ ಮೇಲೆ ಇದು ತುಂಬಾ ಸುಲಭ. 2018ರ ಐಫೋನ್ ಎಕ್ಸ್‌ಎಸ್, ಎಕ್ಸ್‌ಆರ್‌ನಿಂದ ಈಚೆಗಿನ ಹೆಚ್ಚಿನ ಐಫೋನ್‌ಗಳಲ್ಲಿ ಎರಡು ಲೈನ್ ಒಟ್ಟಿಗೆ ಇಟ್ಟುಕೊಳ್ಳಬಹುದು. ಹಳೇ ನಂಬರ್ ಹಾಗೇ ಇರಲಿ, ಹೊಸ ಕಂಪನಿಯ ಅತಿ ಅಗ್ಗದ ಪ್ರೀಪೇಯ್ಡ್ ಪ್ಲಾನ್ ಒಂದನ್ನು ಎರಡನೇ ಲೈನ್ ಮಾಡಿಕೊಂಡು ಡೇಟಾ ಅದರ ಮೇಲೆ ಬಿಡಿ. ಕೆಲವು ಕಂಪನಿಗಳು ಪರೀಕ್ಷೆಗೆ ಅಂತಲೇ ಕೆಲವು ದಿನದ ಉಚಿತ ಇ-ಸಿಮ್ ಕೊಡುತ್ತವೆ, ಒಮ್ಮೆ ಕೇಳಿ ನೋಡಿ. ಒಂದು ವಾರ ಹೀಗೆ ಓಡಾಡಿದರೆ ಯಾವ ವಿಮರ್ಶೆಯೂ ಹೇಳದಷ್ಟು ತಿಳಿಯುತ್ತದೆ.

ಪರದೆ ಮೇಲಿನ ಕಡ್ಡಿಗಳನ್ನು ಮಾತ್ರ ನಂಬಬೇಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಅಂತ ಎಲ್ಲರಿಗೂ ಒಂದೇ ನಿಯಮ ಇಲ್ಲ. 2010ರಲ್ಲಿ ಐಫೋನ್ 4 ಹಿಡಿದುಕೊಂಡರೆ ಸಿಗ್ನಲ್ ಬೀಳುತ್ತೆ ಅಂತ ಗಲಾಟೆ ಆದಾಗ, ಕಡ್ಡಿ ಲೆಕ್ಕ ಹಾಕುವ ಸೂತ್ರವೇ ತಪ್ಪಿತ್ತು, ಇರಬೇಕಾದದ್ದಕ್ಕಿಂತ ಜಾಸ್ತಿ ತೋರಿಸುತ್ತಿತ್ತು ಅಂತ ಆಪಲ್ ತಾನೇ ಒಪ್ಪಿಕೊಂಡಿತ್ತು.

ಹಾಗಾಗಿ ಅಂಕಿ ನೋಡಿ. ಐಫೋನ್‌ನಲ್ಲಿ *3001#12345#* ಒತ್ತಿ ಕರೆ ಮಾಡಿದರೆ ಫೀಲ್ಡ್ ಟೆಸ್ಟ್ ಅನ್ನುವ ಪುಟ ತೆರೆಯುತ್ತದೆ. ಅದರಲ್ಲಿ ಆರ್‌ಎಸ್‌ಆರ್‌ಪಿ (RSRP) ಅಂತ ಹುಡುಕಿ, ಟವರ್‌ನಿಂದ ಬರುವ ಸಿಗ್ನಲ್‌ನ ಬಲ ಹೇಳುವ ಅಂಕಿ ಅದು. ಐಒಎಸ್ ಬದಲಾದಂತೆ ಪುಟದ ವಿನ್ಯಾಸವೂ ಬದಲಾಗುತ್ತದೆ, ಸ್ವಲ್ಪ ತಡಕಾಡಬೇಕು. ಆಂಡ್ರಾಯ್ಡ್ ಆದರೆ ಸಾಮಾನ್ಯವಾಗಿ ಸೆಟ್ಟಿಂಗ್ಸ್‌ನಲ್ಲಿ ಫೋನ್ ಬಗ್ಗೆ ಇರುವ ಕಡೆ, ಸಿಮ್ ಸ್ಟೇಟಸ್ ಒಳಗೆ ಸಿಗುತ್ತದೆ. ಈ ಅಂಕಿ ಯಾವಾಗಲೂ ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಮೈನಸ್ 80ರ ಆಸುಪಾಸು ಇದ್ದರೆ ರಾಜಭೋಗ. ಮೈನಸ್ 100 ನಡೆಯುತ್ತದೆ. ಮೈನಸ್ 110 ದಾಟಿದರೆ ಮಾತು ಕಡಿದು ಕಡಿದು ಬರುವ ಸಂಭವ, 120ರ ಹತ್ತಿರ ಹೋದರೆ ಅಲ್ಲಿ ಆ ಕಂಪನಿ ಇದ್ದೂ ಇಲ್ಲದ ಹಾಗೆ. 90ಕ್ಕೂ 100ಕ್ಕೂ ಏನು ಮಹಾ ವ್ಯತ್ಯಾಸ ಅಂದುಕೊಳ್ಳಬೇಡಿ. ಈ ಅಳತೆಯಲ್ಲಿ 10 ಅಂಕ ಇಳಿದರೆ ಸಿಗ್ನಲ್‌ನ ಬಲ ಹತ್ತನೇ ಒಂದು ಭಾಗಕ್ಕೆ ಇಳಿದಂತೆ.

ಸಿಗ್ನಲ್ ಚೆನ್ನಾಗಿದ್ದೂ ಇಂಟರ್ನೆಟ್ ತೆವಳುವುದುಂಟು. ಟವರ್ ಹತ್ತಿರವೇ ಇದೆ, ಆದರೆ ಅದೇ ಟವರ್‌ಗೆ ಬಡಾವಣೆ ಪೂರ್ತಿ ಜೋತುಬಿದ್ದಿದೆ. ಅದಕ್ಕೇ ಸ್ಪೀಡ್ ಟೆಸ್ಟ್‌ನ್ನು ಬೆಳಗಿನ ಜಾವ ಮಾಡಿ ಖುಷಿಪಡಬೇಡಿ. ಎಲ್ಲರೂ ಮನೆಗೆ ಬಂದು ವಿಡಿಯೊ ಹಚ್ಚಿಕೊಂಡು ಕೂರುವ ರಾತ್ರಿ ಎಂಟು ಒಂಬತ್ತರ ಹೊತ್ತಿಗೆ ಮಾಡಿ, ಎರಡು ಮೂರು ದಿನ ಮಾಡಿ. ಡೌನ್‌ಲೋಡ್ ಅಂಕಿ ನೋಡಿ ಹಿಗ್ಗುವ ಮುಂಚೆ ಅಪ್‌ಲೋಡ್ ಮತ್ತು ಪಿಂಗ್ (ಉತ್ತರ ಬರಲು ಹಿಡಿಯುವ ಸಮಯ, ಕಡಿಮೆ ಇದ್ದಷ್ಟೂ ಒಳ್ಳೆಯದು) ಕೂಡ ನೋಡಿ, ವಿಡಿಯೊ ಕಾಲ್‌ನಲ್ಲಿ ನಿಮ್ಮ ಮುಖ ಕಲ್ಲಾಗಿ ನಿಲ್ಲುವುದು ಹೆಚ್ಚಾಗಿ ಇವುಗಳಿಂದ. ಎಚ್‌ಡಿ ವಿಡಿಯೊಗೆ ಬೇಕಾದದ್ದು ಸುಮಾರು 5 ಎಂಬಿಪಿಎಸ್ ವೇಗ. ಅದಕ್ಕೇ 500 ಬರುವ ಕಂಪನಿಗೂ 80 ಬರುವ ಕಂಪನಿಗೂ ನಿಮ್ಮ ಕೈಯಲ್ಲಿ ವ್ಯತ್ಯಾಸವೇ ಗೊತ್ತಾಗದೆ ಇರಬಹುದು, 80 ಬರುವ ಕಂಪನಿ ರಾತ್ರಿ 2ಕ್ಕೆ ಇಳಿದರೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಹಾಂ, ಒಂದು ಎಚ್ಚರ. 5ಜಿಯಲ್ಲಿ ಒಂದೊಂದು ಸ್ಪೀಡ್ ಟೆಸ್ಟ್ ನೂರಾರು ಎಂಬಿ ನುಂಗುತ್ತದೆ. ಸಣ್ಣ ಪ್ಲಾನ್ ಇದ್ದರೆ ಹುಷಾರು.

ಗೋಡೆ ದಾಟುವವರು, ಓಟಗಾರರು

ಒಂದೇ ಬೀದಿಯಲ್ಲಿ ಒಬ್ಬರಿಗೆ ಸಿಗುವ ಕಂಪನಿ ಇನ್ನೊಬ್ಬರಿಗೆ ಯಾಕೆ ಸಿಗುವುದಿಲ್ಲ? ಮುಖ್ಯ ಕಾರಣ ಬ್ಯಾಂಡ್, ಅಂದರೆ ಕಂಪನಿ ಬಳಸುವ ರೇಡಿಯೊ ತರಂಗಗಳ ಸಾಲು. 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗಗಳು ದೂರ ಹೋಗುತ್ತವೆ, ಗೋಡೆ ತೂರಿ ಒಳಗೂ ಬರುತ್ತವೆ, ಆದರೆ ವೇಗ ಸಾಧಾರಣ. 3500ರ ಸುತ್ತಮುತ್ತಲಿನ ಮಧ್ಯದ ಬ್ಯಾಂಡ್‌ಗಳು ಒಳ್ಳೇ ಓಟಗಾರರು, ಗೋಡೆ ಕಂಡರೆ ಸುಸ್ತು. ಇನ್ನು 26, 28 ಗಿಗಾಹರ್ಟ್ಸ್‌ನ ಎಂಎಂವೇವ್ ಅಂತೂ ಟವರ್ ಕಣ್ಣಿಗೆ ಕಾಣುವಂತಿದ್ದರೆ ಮಾತ್ರ ಕೆಲಸ ಮಾಡುತ್ತದೆ ಅಂದರೂ ಸರಿ, ಅಂಗೈ ಅಡ್ಡ ಬಂದರೂ ಅದಕ್ಕೆ ತೊಂದರೆ. ಊರಾಚೆ ಇರುವವರು, ದಪ್ಪ ಗೋಡೆಯ ಮನೆಯವರು ಕೆಳಗಿನ ಬ್ಯಾಂಡ್ ಜಾಸ್ತಿ ಇರುವ ಕಂಪನಿ ಹುಡುಕಿ. ಬಯಲಲ್ಲಿ ಓಡಾಡುವ ನಗರದವರಿಗೆ ಮಧ್ಯದ ಬ್ಯಾಂಡ್ ಸಾಕು.

ಇಲ್ಲಿ ಫೋನಿನ ಮಾಡೆಲ್ ಸಂಖ್ಯೆಯೂ ಲೆಕ್ಕಕ್ಕೆ ಬರುತ್ತದೆ. ಒಂದೇ ಹೆಸರಿನ ಐಫೋನ್ ಬೇರೆ ಬೇರೆ ದೇಶಕ್ಕೆ ಬೇರೆ ಬೇರೆ ಮಾಡೆಲ್ ಆಗಿ ಬರುತ್ತದೆ, ಬ್ಯಾಂಡ್‌ಗಳಲ್ಲಿ ಹೆಚ್ಚುಕಡಿಮೆ ಇರುತ್ತದೆ. 2020ರಲ್ಲಿ ಐಫೋನ್ 12 ಬಂದಾಗ ಎಂಎಂವೇವ್ ಇದ್ದದ್ದು ಅಮೆರಿಕದ ಮಾಡೆಲ್‌ನಲ್ಲಿ ಮಾತ್ರ. ಐಫೋನ್ 14ರಿಂದ ಅಮೆರಿಕದ ಮಾಡೆಲ್‌ಗೆ ಸಿಮ್ ಟ್ರೇಯೇ ಇಲ್ಲ, ಪೂರ್ತಿ ಇ-ಸಿಮ್. ಯಾರೋ ನೆಂಟರು ವಿದೇಶದಿಂದ ತಂದುಕೊಟ್ಟ ಫೋನ್ ಆಗಿದ್ದರೆ, ಸೆಟ್ಟಿಂಗ್ಸ್‌ನ ಜನರಲ್, ಅಬೌಟ್‌ನಲ್ಲಿ ಮಾಡೆಲ್ ಸಂಖ್ಯೆ ಇರುತ್ತದೆ. ಅದರ ಮೇಲೆ ಒಮ್ಮೆ ಒತ್ತಿದರೆ ಎ ಅಕ್ಷರದಿಂದ ಶುರುವಾಗುವ ಸಂಖ್ಯೆ ಕಾಣುತ್ತದೆ. ಅದನ್ನು ಆಪಲ್‌ನ ಬ್ಯಾಂಡ್ ಪಟ್ಟಿಯ ಜೊತೆ ತಾಳೆ ನೋಡಿ. ನಿಮ್ಮ ಕಂಪನಿಯ ಮುಖ್ಯ ಬ್ಯಾಂಡ್ ನಿಮ್ಮ ಫೋನಿನಲ್ಲಿ ಇಲ್ಲದಿದ್ದರೆ, ಊರಿಗೆಲ್ಲ ಚೆನ್ನಾಗಿರುವ ನೆಟ್‌ವರ್ಕ್ ನಿಮಗೆ ಮಾತ್ರ ಕುಂಟುತ್ತದೆ.

ಇನ್ನೂ ಎರಡು ಪ್ರಶ್ನೆ ಕೇಳಿ. ವೋಲ್ಟೀ, ಅಂದರೆ 4ಜಿ ಮೇಲೆ ಕರೆ, ಈ ಕಂಪನಿಯಲ್ಲಿ ಈ ಫೋನಿಗೆ ನಡೆಯುತ್ತಾ? ವೈಫೈ ಕಾಲಿಂಗ್ ಇದೆಯಾ? ಎಷ್ಟೋ ದೇಶಗಳಲ್ಲಿ ಹಳೇ 2ಜಿ, 3ಜಿ ಮುಚ್ಚಿದ್ದಾರೆ, ವೆರೈಜನ್‌ನ ಸಿಡಿಎಂಎ ಕೂಡ 2022ರ ಕೊನೆಗೆ ನಿಂತಿತು. ಅಂಥ ಕಡೆ ವೋಲ್ಟೀ ಇಲ್ಲದಿದ್ದರೆ ಕರೆಯೇ ಹೋಗುವುದಿಲ್ಲ. ವೈಫೈ ಕಾಲಿಂಗ್ ಅಂತೂ ನನ್ನಂಥ ಕಿಟಕಿ ಗಿರಾಕಿಗಳಿಗೆ ವರ. ಮನೆ ವೈಫೈ ಚೆನ್ನಾಗಿದ್ದರೆ ಒಳಗೆ ಸಿಗ್ನಲ್ ಸೊನ್ನೆ ಇದ್ದರೂ ಮಾಮೂಲಿ ಕರೆ ನಡೆಯುತ್ತದೆ. ಯಾವ ಕಂಪನಿ ಇವನ್ನು ಐಫೋನ್‌ಗೆ ಕೊಡುತ್ತದೆ ಅಂತ ದೇಶವಾರು ಪಟ್ಟಿಯನ್ನು ಆಪಲ್ ಇಟ್ಟಿದೆ. ಅಂಗಡಿಯವರ ಬಾಯಿಮಾತಿಗಿಂತ ಅದು ವಾಸಿ.

ಅಗ್ಗದ ಕಂಪನಿಗಳ ಬಗ್ಗೆ ಒಂದು ಮಾತು. ಸ್ವಂತ ಟವರ್ ಇಲ್ಲದೆ ದೊಡ್ಡ ಕಂಪನಿಯ ಟವರ್ ಬಾಡಿಗೆಗೆ ಪಡೆದು ನಡೆಸುವವರಿದ್ದಾರೆ, ಎಂವಿಎನ್‌ಒ ಅನ್ನುತ್ತಾರೆ. ಸಿಗ್ನಲ್ ಅದೇ, ದರ ಕಡಿಮೆ. ಆದರೆ ಟವರ್‌ನಲ್ಲಿ ನೂಕುನುಗ್ಗಲು ಆದಾಗ ಎಷ್ಟೋ ಕಡೆ ಸ್ವಂತ ಗ್ರಾಹಕರಿಗೆ ಮೊದಲ ಮಣೆ, ಇವರು ಆಮೇಲೆ. ರಾತ್ರಿ ಹೊತ್ತಿನ ಪರೀಕ್ಷೆಯಲ್ಲಿ ಪಾಸಾದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ, ನಾನು ಈಗ ಇಟ್ಟುಕೊಂಡಿರುವುದೂ ಅಂಥದ್ದೇ. ಅನ್‌ಲಿಮಿಟೆಡ್ ಅಂತ ಬರೆದಿದ್ದರೆ ಎಷ್ಟು ಜಿಬಿ ಆದ ಮೇಲೆ ವೇಗ ಇಳಿಸುತ್ತಾರೆ, ಹಾಟ್‌ಸ್ಪಾಟ್‌ಗೆ ಬೇರೆ ಮಿತಿ ಇದೆಯಾ ಅಂತ ಸಣ್ಣ ಅಕ್ಷರದಲ್ಲಿ ಹುಡುಕಿ. ಇದ್ದೇ ಇರುತ್ತದೆ.

ಫ್ರೀ ಫೋನಿನ ಲೆಕ್ಕ

ಫೋನ್ ಫ್ರೀ ಅಂದ ಕೂಡಲೇ ಕಾಗದ ಪೆನ್ನು ತೆಗೆಯಿರಿ. ಫೋನಿನ ಬೆಲೆ 100 ಅಂತ ಇಟ್ಟುಕೊಳ್ಳಿ. ಆಫರ್‌ಗಾಗಿ ತಿಂಗಳಿಗೆ 7ರ ದೊಡ್ಡ ಪ್ಲಾನ್ ಕಡ್ಡಾಯ, ಅವಧಿ 36 ತಿಂಗಳು. ಒಟ್ಟು 252. ಅದೇ ಫೋನ್ ಪೂರ್ತಿ ದುಡ್ಡು ಕೊಟ್ಟು ತಂದು, ನಿಮಗೆ ಸಾಕಾಗುವ 3ರ ಪ್ಲಾನ್ ಹಾಕಿಸಿದರೆ 100 ಮತ್ತು 108, ಒಟ್ಟು 208. ಎಲ್ಲಿ ಹೋಯಿತು ಫ್ರೀ? ದೊಡ್ಡ ಪ್ಲಾನ್ 5 ಇದ್ದಿದ್ದರೆ 180 ಆಗುತ್ತಿತ್ತು, ಆಗ ಆಫರ್ ನಿಜಕ್ಕೂ ಲಾಭ. ಅದಕ್ಕೇ ಎಲ್ಲ ಆಫರ್ ಮೋಸ ಅಂತ ನಾನು ಹೇಳುವುದಿಲ್ಲ, ಗುಣಿಸಿ ನೋಡಿ ಅಂತ ಹೇಳುತ್ತೇನೆ. ಇನ್ನೊಂದು ಚಾಲಾಕಿ ಇದೆ. ರಿಯಾಯಿತಿಯನ್ನು ಒಂದೇ ಸಲ ಕೊಡದೆ ತಿಂಗಳು ತಿಂಗಳು ಬಿಲ್‌ನಲ್ಲಿ ಕಳೆಯುತ್ತಾರೆ. ಮಧ್ಯದಲ್ಲಿ ಬಿಟ್ಟು ಹೋದರೆ ಉಳಿದ ರಿಯಾಯಿತಿ ಹೋಯಿತು, ಫೋನಿನ ಬಾಕಿ ಮಾತ್ರ ನಿಮ್ಮ ತಲೆ ಮೇಲೆ.

ಕಂತಿನ ಫೋನ್ ಲಾಕ್ ಆಗಿರುವುದೂ ಮಾಮೂಲು, ಬೇರೆ ಕಂಪನಿಯ ಸಿಮ್ ಹಾಕಿದರೆ ಒಪ್ಪುವುದಿಲ್ಲ. ಅದೇ ಅಬೌಟ್ ಪುಟದಲ್ಲಿ ಕ್ಯಾರಿಯರ್ ಲಾಕ್ ಅಂತ ಇರುತ್ತದೆ. ಎದುರಿಗೆ ಸಿಮ್‌ಗೆ ಯಾವ ನಿರ್ಬಂಧವೂ ಇಲ್ಲ ಅಂತಿದ್ದರೆ ಫೋನ್ ಸ್ವತಂತ್ರ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ದುಡ್ಡು ಕೊಡುವ ಮುಂಚೆಯೇ ಇದನ್ನು ನೋಡಬೇಕು, *#06# ಒತ್ತಿದರೆ ಬರುವ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ಕಳುವಿನ ಪಟ್ಟಿಯಲ್ಲಿ ಇಲ್ಲ ಅಂತಲೂ ಖಾತ್ರಿ ಮಾಡಿಕೊಳ್ಳಬೇಕು.

ಎಲ್ಲ ನೋಡಿ ಕಂಪನಿ ಬದಲಿಸಲು ನಿರ್ಧಾರ ಮಾಡಿದಿರಾ? ಹಳೇ ಕನೆಕ್ಷನ್‌ನ್ನು ನೀವಾಗಿ ರದ್ದು ಮಾಡಿಸಲು ಹೋಗಬೇಡಿ. ರದ್ದಾದರೆ ನಂಬರ್ ಕೈ ತಪ್ಪಬಹುದು. ಹೊಸ ಕಂಪನಿಯವರಿಗೆ ಪೋರ್ಟ್ ಮಾಡಲು ಹೇಳಿ, ನಂಬರ್ ಆ ಕಡೆ ಹೋದ ಮೇಲೆ ಹಳೆಯದು ತಾನಾಗೇ ಮುಚ್ಚುತ್ತದೆ. ಹಳೇ ಬಾಕಿ ಮೊದಲೇ ತೀರಿಸಿ, ಲಾಕ್ ಇದ್ದರೆ ಮೊದಲೇ ತೆಗೆಸಿ. ಪೋರ್ಟ್ ನಡೆಯುವಾಗ ಕೆಲವು ಗಂಟೆ ಒಟಿಪಿ ಬಾರದೆ ಇರಬಹುದು, ಹಾಗಾಗಿ ಬ್ಯಾಂಕ್ ಕೆಲಸ, ಟಿಕೆಟ್ ಬುಕಿಂಗ್ ಇದ್ದರೆ ಹಿಂದಿನ ದಿನವೇ ಮುಗಿಸಿಕೊಳ್ಳಿ. ಹೊಸ ಲೈನ್ ಶುರುವಾದ ಕೂಡಲೇ ಮೊದಲ ಕರೆಯನ್ನು ಹಾಸಿಗೆ ಪಕ್ಕ ನಿಂತು ಮಾಡಿ, ಕಿಟಕಿ ಮುಚ್ಚಿಕೊಂಡು.